ಕೆರೆಯ ಹನಿಯಿಂದ ಕಡಲವರೆಗೆ: ಪ್ಲವಕ ಅಧ್ಯಯನದ ನೂರು ವರ್ಷಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಏನು ಬರೆಯಲಿ ಎಂದು ನಾನು ಬಹಳ ಯೋಚಿಸಬೇಕಾಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ಶಿಕ್ಷಕರಾದವರಿದ್ದಾರೆ, ಸೈನ್ಯಕ್ಕೆ ಹೋದವರಿದ್ದಾರೆ, ಊರಲ್ಲೇ ಇದ್ದು ಕಡಲೆಕಾಯಿ, ರಾಗಿ ಬೆಳೆದು ಮಕ್ಕಳನ್ನು ಓದಿಸಿದವರಿದ್ದಾರೆ. ನಾನು ಮಾತ್ರ ಬದುಕಿನ ಬಹುಭಾಗವನ್ನು ಕಡಲ ನೀರನ್ನು ಸೀಸೆಯಲ್ಲಿ ತುಂಬಿ, ಅದರೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನು ಎಣಿಸುತ್ತಾ ಕಳೆದವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಕುಡಿಯುವ ನೀರಿಗೇ ಬರ. ಇಲ್ಲಿಂದ ಹೊರಟವನಿಗೆ ಕಡಲಿನ ನಂಟು ಹೇಗೆ ಬಂತು ಎಂದು ಜನ ಕೇಳುವುದುಂಟು. ಅದಕ್ಕೆ ಉತ್ತರವಾಗಿ, ನಾನು ಕಲಿತ ಶಾಸ್ತ್ರದ ಚರಿತ್ರೆಯನ್ನು ನಮ್ಮೂರಿನವರಿಗೆ ಅರ್ಥವಾಗುವಂತೆ ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕೆರೆಯಲ್ಲಿ ಮೀನು ಸತ್ತ ಬೆಳಗು

ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಊರಿನ ಕೆರೆ ಬಹಳ ವರ್ಷಗಳ ಮೇಲೆ ಕೋಡಿ ಬಿದ್ದಿತ್ತು. ಮೀನಿನ ಹರಾಜು ಆಗಿತ್ತು. ಹರಾಜು ಹಿಡಿದವನು ಸಾಲ ಮಾಡಿ ಕಾಟ್ಲಾ ಮರಿ ಬಿಟ್ಟಿದ್ದ. ಬೇಸಿಗೆಯ ಹೊತ್ತಿಗೆ ನೀರು ಇಳಿದು ಪಾಚಿಗಟ್ಟಿ, ಹಸಿರು ಬಣ್ಣ ಕಲಸಿದಂತೆ ಆಯಿತು. ಮೂರು ದಿನ ಮೋಡ ಮುಚ್ಚಿಕೊಂಡಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಏರಿಯ ಮೇಲೆ ಹೋದವರು ಕಂಡದ್ದು ಹೊಟ್ಟೆ ಮೇಲಾಗಿ ತೇಲುತ್ತಿದ್ದ ನೂರಾರು ಮೀನು.

"ಯಾರೋ ವಿಷ ಹಾಕವ್ರೆ" ಎಂಬ ಮಾತು ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹರಾಜಿನಲ್ಲಿ ಸೋತಿದ್ದವನ ಮೇಲೆ ಎಲ್ಲರ ಕಣ್ಣು ಹೋಯಿತು. ಅವನು ಪಕ್ಕದ ಹಟ್ಟಿಯವನು. ಮಧ್ಯಾಹ್ನದೊಳಗೆ ಎರಡೂ ಕಡೆಯವರು ದೊಣ್ಣೆ ಹಿಡಿದು ಏರಿಯ ಮೇಲೆ ನಿಂತಿದ್ದರು.

ನಮ್ಮ ವಿಜ್ಞಾನದ ಮೇಷ್ಟ್ರು ಶಾಲೆಯಿಂದ ನಡೆದುಕೊಂಡೇ ಬಂದರು. ಹಿಂದೆ ನಾವು ಹುಡುಗರು. ಅವರು ಯಾರನ್ನೂ ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ನೀರಿಗಿಳಿದು ಸುತ್ತ ನೋಡಿದರು. "ಕೊರವ ಮೀನು ಸತ್ತಿದ್ಯೇನ್ರಪ್ಪಾ? ಹುಡುಕಿ" ಎಂದರು. ಹುಡುಕಿದರೆ ಒಂದೂ ಸತ್ತಿರಲಿಲ್ಲ. ಕಪ್ಪೆಗಳೂ ಚೆನ್ನಾಗಿದ್ದವು. ಬೆಳಿಗ್ಗೆ ಅದೇ ನೀರು ಕುಡಿದ ಎಮ್ಮೆಗಳು ಮೆಲುಕು ಹಾಕುತ್ತಿದ್ದವು. "ವಿಷವಾಗಿದ್ದರೆ ಕೊರವವನ್ನು ಬಿಡುತ್ತಿತ್ತಾ? ಕೊರವ ಮೇಲೆ ಬಂದು ಗಾಳಿ ನುಂಗುತ್ತೆ, ಕಾಟ್ಲಾಕ್ಕೆ ಅದು ಬರಲ್ಲ. ಸತ್ತಿರೋದು ಉಸಿರು ಕಟ್ಟಿ" ಎಂದರು.

ಆಮೇಲೆ ಒಂದು ಸೀಸೆಯಲ್ಲಿ ಆ ಹಸಿರು ನೀರು ತುಂಬಿಸಿ ಶಾಲೆಗೆ ತಂದರು. ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಬೀಗದೊಳಗಿರುತ್ತಿದ್ದ ಸೂಕ್ಷ್ಮದರ್ಶಕವನ್ನು ಅಂಗಳಕ್ಕೆ ತಂದು ಊರಿನ ಹಿರಿಯರಿಗೆಲ್ಲ ತೋರಿಸಿದರು. ಹಗಲಲ್ಲಿ ಈ ಹಸಿರು ಜೀವಿಗಳು ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಕೊಡುತ್ತವೆ, ರಾತ್ರಿ ಅವೂ ನಮ್ಮಂತೆ ಉಸಿರಾಡಿ ಅದನ್ನು ಬಳಸುತ್ತವೆ, ಮೋಡದ ದಿನಗಳಲ್ಲಿ ಗಳಿಕೆ ಕಡಿಮೆಯಾಗಿ ಖರ್ಚು ಮಾತ್ರ ನಿಲ್ಲುವುದಿಲ್ಲ, ಬೆಳಗಿನ ಜಾವಕ್ಕೆ ಗಂಟು ಕರಗಿರುತ್ತದೆ ಎಂದು ವಿವರಿಸಿದರು. ಲೆಕ್ಕದ ಭಾಷೆ ರೈತರಿಗೆ ಅರ್ಥವಾಯಿತು. ಅಂದು ಒಂದು ಮನೆ ಉಳಿಯಿತು ಎಂದೇ ನಾನು ಈಗಲೂ ನಂಬಿದ್ದೇನೆ.

ಎಲ್ಲರೂ ಹೋದ ಮೇಲೆ ನನ್ನ ಸರದಿ ಬಂತು. ಆ ಹನಿಯಲ್ಲಿ ನಾನು ಕಂಡದ್ದು ಪಾಚಿಯಲ್ಲ, ಒಂದು ಊರು. ಹಸಿರು ಉಂಡೆಗಳು, ದಾರಗಳು, ಅವುಗಳ ನಡುವೆ ಕುಪ್ಪಳಿಸುವ ಒಂದು ಒಕ್ಕಣ್ಣಿನ ಪ್ರಾಣಿ. "ಇದಕ್ಕೆ ಪ್ಲವಕ ಅಂತಾರೆ ಕಣೋ. ಸಮುದ್ರದ ತುಂಬ ಇದೇ ಇರೋದು" ಎಂದರು ಮೇಷ್ಟ್ರು. ನಾನು ಆಗಿನ್ನೂ ಸಮುದ್ರ ನೋಡಿರಲಿಲ್ಲ.

ಹಿಟ್ಟಿನ ಜರಡಿಯಿಂದ ಹುಟ್ಟಿದ ಶಾಸ್ತ್ರ

ಪ್ಲವಕ ಎಂದರೆ ತೇಲುವುದು. ಪ್ರವಾಹಕ್ಕೆ ಎದುರಾಗಿ ಈಜಲಾರದೆ ನೀರು ಒಯ್ದ ಕಡೆ ಹೋಗುವ ಜೀವಿಗಳಿಗೆಲ್ಲ ಇದು ಒಟ್ಟು ಹೆಸರು. ಬಿಸಿಲಿನಿಂದ ಆಹಾರ ತಯಾರಿಸುವವು ಸಸ್ಯಪ್ಲವಕ, ಅವನ್ನು ತಿನ್ನುವವು ಪ್ರಾಣಿಪ್ಲವಕ. ಜರ್ಮನಿಯ ವಿಕ್ಟರ್ ಹೆನ್ಸನ್ 1887ರಲ್ಲಿ 'ಪ್ಲಾಂಕ್ಟನ್' ಎಂಬ ಪದವನ್ನು ಬಳಕೆಗೆ ತಂದರು. ಕಡಲಿನಲ್ಲಿ ಎಷ್ಟು ಮೀನು ಹುಟ್ಟಬಹುದು ಎಂಬುದನ್ನು ತಿಳಿಯಬೇಕಾದರೆ ಮೊದಲು ಅದರ ಮೇವನ್ನು ಎಣಿಸಬೇಕು ಎಂಬುದು ಅವರ ವಾದ. ಹೊಲದ ಹುಲ್ಲು ನೋಡಿ ಎಷ್ಟು ಕುರಿ ಮೇಯಿಸಬಹುದೆಂದು ನಮ್ಮ ಕುರಿಗಾಹಿಗಳು ಅಂದಾಜು ಮಾಡುವುದಿಲ್ಲವೇ, ಅದೇ ಬುದ್ಧಿ.

ಹಿಡಿಯುವ ಬಲೆಗೆ ಆ ಕಾಲದಲ್ಲಿ ಬಳಸಿದ್ದು ಹಿಟ್ಟಿನ ಗಿರಣಿಗಳಲ್ಲಿ ನುಣುಪು ಹಿಟ್ಟು ಜರಡಿ ಹಿಡಿಯುತ್ತಿದ್ದ ರೇಷ್ಮೆ ಬಟ್ಟೆ. ರೇಷ್ಮೆ ಸಾಕುವ ನಮ್ಮ ಜಿಲ್ಲೆಯವರಿಗೆ ಇದು ಸಂತೋಷದ ಸಂಗತಿ. ಇಡೀ ಶಾಸ್ತ್ರವೊಂದು ರೇಷ್ಮೆ ಜರಡಿಯ ಮೇಲೆ ನಿಂತಿತು.

ಬೂತಾಯಿಯ ಪ್ರಶ್ನೆ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ಅಧ್ಯಯನ ಶುರುವಾದದ್ದು ಒಂದು ಮೀನಿನಿಂದಾಗಿ. ಮಂಗಳೂರಿನವರು ಬೂತಾಯಿ ಎಂದೂ ಕಾರವಾರದವರು ತಾರ್ಲೆ ಎಂದೂ ಕರೆಯುವ ಬಡವರ ಮೀನು. ಕೆಲವು ವರ್ಷ ಅದು ರಾಶಿ ರಾಶಿ ಸಿಕ್ಕುತ್ತಿತ್ತು. ತಿಂದು ಮಿಕ್ಕಿದ್ದನ್ನು ಬೇಯಿಸಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ತೋಟಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಇನ್ನು ಕೆಲವು ವರ್ಷ ಬಲೆ ಖಾಲಿ. ಮೀನುಗಾರರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಮಳೆ ಕೈಕೊಟ್ಟರೆ ನಮಗೆ ಹೇಗೋ ಬೂತಾಯಿ ಕೈಕೊಟ್ಟರೆ ಅವರಿಗೆ ಹಾಗೆ.

ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಅವರು ಎಂ. ರಾಮಸ್ವಾಮಿ ನಾಯುಡು ಅವರೊಡನೆ ಬೂತಾಯಿಯ ಜೀವನಕ್ರಮವನ್ನೂ ಮಲಬಾರ್ ತೀರದ ಪ್ಲವಕಗಳನ್ನೂ ಜೊತೆಯಾಗಿ ಅಭ್ಯಸಿಸಿ 1924ರಲ್ಲಿ ಪ್ರಕಟಿಸಿದರು. ಮೀನಿನ ಹೊಟ್ಟೆ ಕೊಯ್ದು ಅದರಲ್ಲೇನಿದೆ ಎಂದು ನೋಡುವುದು, ಅದೇ ದಿನ ಕಡಲಿನಲ್ಲೇನಿದೆ ಎಂದು ನೋಡುವುದು, ಎರಡನ್ನೂ ಪಕ್ಕಪಕ್ಕ ಇಡುವುದು. ಆ ಕ್ರಮವನ್ನೇ ಮುಂದಿನವರೂ ಅನುಸರಿಸಿದರು.

1940ರ ದಶಕದಲ್ಲಿ ಬೂತಾಯಿ ತೀವ್ರವಾಗಿ ಕಡಿಮೆಯಾದಾಗ ಸರ್ಕಾರ ಅದರ ಹಿಡಿತದ ಮೇಲೆ ನಿರ್ಬಂಧಗಳನ್ನು ಹಾಕಬೇಕಾಯಿತು. ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆರಂಭವಾಯಿತು. ಈ ಸಂಸ್ಥೆಯ ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ 1955ರಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೇರಳವಾಗಿ ಕಂಡರೆ ಬೂತಾಯಿಯ ಸುಗ್ಗಿಯನ್ನು ನಿರೀಕ್ಷಿಸಬಹುದು ಎಂಬುದು ಅದರ ಸಾರ. ಕಣ್ಣಿಗೆ ಕಾಣದ ಒಂದು ಸಸ್ಯ ಮೀನುಗಾರನ ಪಂಚಾಂಗವಾಯಿತು. ಕಾರವಾರದಲ್ಲಿ ಎಸ್. ರಾಮಮೂರ್ತಿ ಉತ್ತರ ಕನ್ನಡ ತೀರದ ಪ್ಲವಕಗಳಿಗೂ ಅಲ್ಲಿನ ಮೀನುಗಾರಿಕೆಗೂ ಇರುವ ಸಂಬಂಧವನ್ನು ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದರು.

ಸುಬ್ರಹ್ಮಣ್ಯನ್ ಅವರು 1959ರಲ್ಲಿ ತೋರಿಸಿದ ಇನ್ನೊಂದು ಸಂಗತಿ ನಮಗೆ ಮುಖ್ಯ. ಯೂರೋಪಿನ ಪುಸ್ತಕಗಳ ಪ್ರಕಾರ ಕಡಲು ಹಸಿರಾಗುವುದು ವಸಂತದಲ್ಲಿ. ನಮ್ಮ ಪಶ್ಚಿಮ ತೀರದಲ್ಲಿ ಸಸ್ಯಪ್ಲವಕ ಉಕ್ಕುವುದು ಮುಂಗಾರಿನಲ್ಲಿ. ಮುಂಗಾರಿನ ಕಾಲದಲ್ಲಿ ತೀರದ ಮೇಲ್ನೀರು ಹೊರಕ್ಕೆ ಸರಿದು, ತಳದ ತಣ್ಣೀರು ಮೇಲೆದ್ದು ಬರುತ್ತದೆ. ಕೆರೆಯ ಹೂಳಿನಲ್ಲಿ ಸಾರ ಇರುವಂತೆ ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತವೆ. ನಾವು ಇಲ್ಲಿ ರಾಗಿ, ಕಡಲೆಕಾಯಿ ಬಿತ್ತುವ ದಿನಗಳಲ್ಲೇ ಅಲ್ಲಿ ಕಡಲೂ ತನ್ನ ಬಿತ್ತನೆ ಮಾಡಿಕೊಳ್ಳುತ್ತದೆ.

ದೊಡ್ಡ ಯಾನ

ತೀರದ ಕೆಲಸ ಹೀಗೆ ನಡೆದಿದ್ದರೂ ನಡುಗಡಲಿನ ಬಗ್ಗೆ ತಿಳಿದದ್ದು ಅತ್ಯಲ್ಪ. 1933-34ರಲ್ಲಿ ಸೀಮೋರ್ ಸೀವೆಲ್ ಅವರ ನಾಯಕತ್ವದಲ್ಲಿ ಈಜಿಪ್ಟಿನ 'ಮಬಾಹಿಸ್' ಹಡಗು ಅರಬ್ಬೀ ಸಮುದ್ರವನ್ನು ಸುತ್ತಿ, ಅದರ ನಡುಪದರದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಎಂದು ಕಂಡಿತ್ತು. ಅದಾದ ಮೇಲೆ ಬಂದದ್ದು 1959ರಿಂದ 1965ರವರೆಗಿನ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ. ಹಲವು ದೇಶಗಳ ನಲವತ್ತಕ್ಕೂ ಹೆಚ್ಚು ಹಡಗುಗಳು ಭಾಗವಹಿಸಿದವು. ನಮ್ಮ ನೌಕಾಪಡೆಯ 'ಕಿಸ್ತ್ನಾ' ಅವುಗಳಲ್ಲಿ ಒಂದು.

ಇಲ್ಲಿ ಮಾಡಿದ ಒಂದು ಜಾಣತನವನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತಿದ್ದೆ. ಎಲ್ಲ ಹಡಗುಗಳಿಗೂ ಒಂದೇ ಅಳತೆಯ ಬಲೆ ಕೊಟ್ಟರು. ಅದನ್ನು 200 ಮೀಟರ್ ಆಳದಿಂದ ನೆಟ್ಟಗೆ ಮೇಲಕ್ಕೆ ಎಳೆಯಬೇಕೆಂದು ಗೊತ್ತುಮಾಡಿದರು. ಒಬ್ಬೊಬ್ಬರು ಒಂದೊಂದು ಸೇರಿನಲ್ಲಿ ಅಳೆದರೆ ರಾಶಿಯ ಲೆಕ್ಕ ಸಿಕ್ಕುತ್ತದೆಯೇ? ಹೀಗೆ ಬಂದ ಪ್ರಾಣಿಪ್ಲವಕದ ಸೀಸೆಗಳನ್ನು ಕೊಚ್ಚಿಯಲ್ಲಿ ಯುನೆಸ್ಕೋ ನೆರವಿನಿಂದ ಸ್ಥಾಪಿಸಿದ ಹಿಂದೂ ಮಹಾಸಾಗರ ಜೀವವಿಜ್ಞಾನ ಕೇಂದ್ರದಲ್ಲಿ ವಿಂಗಡಿಸಿದರು. ಈ ಯಾನದ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ಎನ್. ಕೆ. ಪಣಿಕ್ಕರ್. ಗೋವಾದ ದೋನಾ ಪಾವ್ಲಾದಲ್ಲಿ ಇಂದಿಗೂ ಅದರ ಕೇಂದ್ರ ಕಚೇರಿ ಇದೆ.

ಒಂದು ಸೀಸೆ, ಎರಡು ಚೀಟಿ

1969ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ತೆರೆಯಿತು. ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದು. ಎಂಬತ್ತರ ದಶಕದಲ್ಲಿ ನಾನು ಅಲ್ಲಿಗೆ ಸೇರಿದಾಗ ಕುಂಬಳೆಯ ಪ್ರಕರಣ ಎಲ್ಲರ ಬಾಯಲ್ಲಿತ್ತು. 1983ರಲ್ಲಿ ಕಾಸರಗೋಡು ಸೀಮೆಯ ಕುಂಬಳೆ ಅಳಿವೆಯ ಮರುವಾಯಿ ತಿಂದ ಹಲವರು ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ್ದರು, ಒಂದು ಜೀವವೂ ಹೋಗಿತ್ತು. ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮೊದಲಾದವರು ಇದು ಚಿಪ್ಪುಮೀನಿನ ಪಾರ್ಶ್ವವಾಯು ವಿಷ ಎಂದು ಗುರುತಿಸಿದರು. ಕೆಲವು ಬಗೆಯ ಪ್ಲವಕಗಳಲ್ಲಿ ವಿಷ ಇರುತ್ತದೆ. ಮರುವಾಯಿ ನೀರು ಸೋಸಿ ತಿನ್ನುವಾಗ ಅದು ಅದರ ಮೈಯಲ್ಲಿ ಸೇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ನಮ್ಮ ಕೆರೆಯಲ್ಲಿ ವಿಷ ಇಲ್ಲದಿದ್ದರೂ ಇದೆ ಎಂದು ಜನ ನಂಬಿದ್ದರು. ಕುಂಬಳೆಯಲ್ಲಿ ವಿಷವಿದ್ದರೂ ಯಾರಿಗೂ ಗೊತ್ತಾಗಲಿಲ್ಲ. ಎರಡು ಕಡೆಯೂ ನಿಜ ತಿಳಿದದ್ದು ಹನಿಯನ್ನು ನೋಡಿದ್ದರಿಂದ.

ಓದು ಮುಗಿದು ಕರಾವಳಿಯ ಪ್ರಯೋಗಾಲಯವೊಂದರಲ್ಲಿ ಕಿರಿಯ ಸಹಾಯಕನಾಗಿ ಸೇರಿದೆ. ಕೆಲಸ ಎಣಿಸುವುದು. ಒಂದು ಮಿಲಿಲೀಟರ್ ನೀರು ಹಿಡಿಸುವ ಗಾಜಿನ ತಟ್ಟೆ, ಅದರ ಮೇಲೆ ಸಾವಿರ ಚೌಕ, ಚೌಕ ಚೌಕವಾಗಿ ನೋಡಿ ಬರೆಯಬೇಕು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಒಂದು ಸಲ ಹನ್ನೆರಡು ಸೀಸೆ ಕೊಟ್ಟಿದ್ದರು. ಹಬ್ಬಕ್ಕೆ ಊರಿಗೆ ಹೊರಡುವ ಆತುರ. ಐದನ್ನು ಎಣಿಸಿ, ಉಳಿದವಕ್ಕೆ ನೀರಿನ ಬಣ್ಣ ನೋಡಿ ಅಂದಾಜು ಸಂಖ್ಯೆ ಬರೆದುಬಿಟ್ಟೆ.

ಹಿಂತಿರುಗಿ ಬಂದಾಗ ಹಿರಿಯ ವಿಜ್ಞಾನಿ ನನ್ನನ್ನು ಕರೆದರು. ಅವರು ಒಂದೇ ನೀರನ್ನು ಎರಡು ಸೀಸೆಗೆ ಹಾಕಿ ಬೇರೆ ಬೇರೆ ಚೀಟಿ ಅಂಟಿಸಿ ಕೊಟ್ಟಿದ್ದರು. ನನ್ನ ಪುಸ್ತಕದಲ್ಲಿ ಒಂದಕ್ಕೆ ಇನ್ನೊಂದರ ಮೂರು ಪಟ್ಟು ಇತ್ತು. ಅವರು ದನಿ ಏರಿಸಲಿಲ್ಲ. "ಇದು ನನಗೆ ಮಾಡಿದ ಮೋಸ ಅಲ್ಲ. ನಾವು ಸತ್ತ ಮೇಲೆ ಈ ಪುಸ್ತಕ ತೆಗೆದು, ಆಗ ಕಡಲು ಹೇಗಿತ್ತು ಅಂತ ನೋಡ್ತಾನಲ್ಲ, ಅವನಿಗೆ ಮಾಡಿದ್ದು" ಎಂದಷ್ಟೇ ಹೇಳಿ ಹನ್ನೆರಡು ಸೀಸೆಗಳನ್ನೂ ಮುಂದಿಟ್ಟರು. ನಾನು ನಾಚಿಕೆಯಿಂದ ಎಲ್ಲವನ್ನೂ ಮೊದಲಿನಿಂದ ಎಣಿಸಿದೆ. ಅಂದಿನಿಂದ ಎಣಿಸದ ಸಂಖ್ಯೆಯನ್ನು ನಾನು ಬರೆದಿಲ್ಲ. ಏರಿಯ ಮೇಲೆ ಕೊರವ ಮೀನು ಹುಡುಕಿಸಿದ ಮೇಷ್ಟ್ರೂ ಇವರೂ ನನಗೆ ಕಲಿಸಿದ ಪಾಠ ಒಂದೇ: ಮೊದಲು ನೋಡು, ಆಮೇಲೆ ಹೇಳು.

ಕಬ್ಬಿಣ ಹಾಕಿದರು, ಗಾಜು ಸಾಲಲಿಲ್ಲ

ಹೀಗೆ ನೋಡಿ ಹೇಳುವುದರ ಬೆಲೆ ಏನೆಂಬುದಕ್ಕೆ ನಮ್ಮ ಕಾಲದ ಒಂದು ದೊಡ್ಡ ಪ್ರಯೋಗವೇ ಸಾಕ್ಷಿ. ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ಕಡಲಿನಲ್ಲಿ. ಹಾಗಾದರೆ ಪ್ಲವಕವನ್ನು ಬೆಳೆಸಿ ಗಾಳಿಯ ಇಂಗಾಲವನ್ನು ಕಡಲ ತಳಕ್ಕೆ ಇಳಿಸಬಹುದೇ ಎಂಬ ಪ್ರಶ್ನೆ ಎದ್ದಿತು. ದಕ್ಷಿಣ ಮಹಾಸಾಗರದಲ್ಲಿ ಕಬ್ಬಿಣದ ಕೊರತೆ ಇದೆ. 2009ರ ಆರಂಭದಲ್ಲಿ ಗೋವಾದ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್‌ಫ್ರೆಡ್ ವೆಗನರ್ ಸಂಸ್ಥೆ ಸೇರಿ 'ಲೋಹಾಫೆಕ್ಸ್' ಎಂಬ ಪ್ರಯೋಗ ನಡೆಸಿದವು. ವಾಜಿಹ್ ನಕ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್ ಅದರ ಮುಂದಾಳುಗಳು. 'ಪೋಲಾರ್‌ಸ್ಟರ್ನ್' ಹಡಗಿನಿಂದ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಟನ್ನುಗಟ್ಟಲೆ ಕಬ್ಬಿಣದ ಸಲ್ಫೇಟ್ ಬೆರೆಸಿದರು.

ಪ್ಲವಕ ಬೆಳೆಯಿತು. ಆದರೆ ನಿರೀಕ್ಷಿಸಿದ ಡಯಾಟಮ್ ಬೆಳೆಯಲಿಲ್ಲ. ಡಯಾಟಮ್‌ಗೆ ಗಾಜಿನ ಕವಚ ಕಟ್ಟಿಕೊಳ್ಳಲು ಸಿಲಿಕಾ ಬೇಕು, ಆ ನೀರಿನಲ್ಲಿ ಅದು ಮುಗಿದುಹೋಗಿತ್ತು. ಬೆಳೆದ ಸಣ್ಣ ಸಸ್ಯಗಳನ್ನು ಕೋಪಿಪಾಡ್‌ಗಳು ತಿಂದವು, ಅವನ್ನು ಇನ್ನೂ ದೊಡ್ಡವು ತಿಂದವು. ತಳಕ್ಕಿಳಿದ ಇಂಗಾಲ ಅತ್ಯಲ್ಪ. ಸಂಶೋಧಕರು ಇದನ್ನು ಮುಚ್ಚಿಡದೆ ಹಾಗೆಯೇ ಹೇಳಿದರು. ಸುಲಭದ ಉಪಾಯವೆಂದು ತೋರಿದ್ದು ಅಷ್ಟು ಸುಲಭವಲ್ಲ ಎಂದು ಜಗತ್ತಿಗೆ ತಿಳಿಯಿತು.

ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ಮಧುಗಿರಿಯ ಏಕಶಿಲಾ ಬೆಟ್ಟ. ಕಡಲಿಗೆ ಸಿಲಿಕಾ ಹೋಗುವುದು ಮುಖ್ಯವಾಗಿ ನದಿಗಳಿಂದ, ನದಿಗೆ ಬರುವುದು ಮಳೆಗೆ ಸವೆಯುವ ಬಂಡೆಗಳಿಂದ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯ ಕಲ್ಲುಗುಡ್ಡಗಳ ನಡುವೆ ಹರಿದು, ಉತ್ತರ ಪಿನಾಕಿನಿಯನ್ನು ಸೇರಿ, ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ನಮ್ಮ ಬೆಟ್ಟದ ಕಲ್ಲು ಕರಗಿ ಅಲ್ಲಿನ ಡಯಾಟಮ್ಮಿನ ಗಾಜಾಗುತ್ತದೆ. ನಮಗೆ ಕಡಲಿಲ್ಲ ಎನ್ನುವ ಮಾತು ಅರ್ಧ ಮಾತ್ರ ನಿಜ. ಹೊಳೆ ಹರಿಯದ ವರ್ಷ ಆ ನಂಟೂ ನಿಲ್ಲುತ್ತದೆ.

ಕಡಲಿಗೂ ಉಸಿರು ಕಟ್ಟುತ್ತದೆ

ನಮ್ಮ ಕೆರೆಯಲ್ಲಿ ಆದದ್ದು ಈಗ ದೊಡ್ಡ ಪ್ರಮಾಣದಲ್ಲಿ ಕಡಲಿನಲ್ಲಿ ಕಾಣುತ್ತಿದೆ. ಮುಂಗಾರಿನಲ್ಲಿ ಮೇಲೆದ್ದು ಬರುವ ನೀರು ಮೊದಲೇ ಆಮ್ಲಜನಕ ಕಳೆದುಕೊಂಡದ್ದು. ಅದರ ಮೇಲೆ ಬೆಳೆದ ಪ್ಲವಕ ಸತ್ತು ಕೊಳೆಯುವಾಗ ಉಳಿದದ್ದೂ ಖರ್ಚಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪಶ್ಚಿಮ ತೀರದ ತಳನೀರು ಅನೇಕ ಕಡೆ ಉಸಿರಿಲ್ಲದಂತಾಗುತ್ತದೆ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ಇದು ಬಲಗೊಳ್ಳುತ್ತಿದೆ ಎಂದು ಎಚ್ಚರಿಸಿದರು. ಹೊಲಗಳಿಂದ ಹರಿದು ಹೋಗುವ ಗೊಬ್ಬರವೂ ಇದಕ್ಕೆ ಕಾರಣವಾಗಿರಬಹುದು ಎಂದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಎಂ. ಕೆ. ರಾಕ್ಸಿ ಮತ್ತು ಸಂಗಡಿಗರು 2016ರಲ್ಲಿ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕ ಶೇ. 20ರವರೆಗೆ ಕುಗ್ಗಿದೆ ಎಂದು ತೋರಿಸಿದರು. ಮೇಲಿನ ನೀರು ಬಿಸಿಯಾದರೆ ತಳದ ಸಾರ ಮೇಲೇರುವುದು ಕಷ್ಟ.

ಬೂತಾಯಿಯ ಪ್ರಶ್ನೆಯೂ ಮುಗಿದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಬಿಸಿನೀರು, ಮೇವಿನ ಏರುಪೇರು, ಅತಿಯಾದ ಹಿಡಿತ, ಮರಿಗಳನ್ನೂ ಬಿಡದ ಬಲೆ, ಇವೆಲ್ಲ ಸೇರಿದ ಕಥೆ ಇದು. ಇಂದು ಸಹಾಯಕ್ಕೆ ಉಪಗ್ರಹಗಳಿವೆ. 1999ರಲ್ಲಿ, ಆಗ ನೆಲ್ಲೂರು ಜಿಲ್ಲೆಗೆ ಸೇರಿದ್ದ ಶ್ರೀಹರಿಕೋಟಾದಿಂದ ಹಾರಿದ ಓಷನ್‌ಸ್ಯಾಟ್ ಕಡಲಿನ ಹಸಿರನ್ನು ಆಕಾಶದಿಂದಲೇ ಅಳೆಯಿತು. ಹೈದರಾಬಾದಿನ ಸಂಸ್ಥೆಯೊಂದು ಅಂಥ ಚಿತ್ರಗಳಿಂದ ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತದೆ. ಆದರೆ ಆಕಾಶದಿಂದ ಕಾಣುವುದು ಹಸಿರು ಮಾತ್ರ. ಆ ಹಸಿರು ಬೂತಾಯಿಯ ಮೇವೋ ಮರುವಾಯಿಯ ವಿಷವೋ ಎಂದು ತಿಳಿಯಲು ಇಂದಿಗೂ ಯಾರಾದರೊಬ್ಬರು ದೋಣಿಯಲ್ಲಿ ಹೋಗಿ ಸೀಸೆ ತುಂಬಿ ತರಬೇಕು, ಕೂತು ಎಣಿಸಬೇಕು.

ವಿದ್ಯಾರ್ಥಿ ಮಿತ್ರರಿಗೆ

ನಮ್ಮ ಮೇಷ್ಟ್ರು ಈಗಿಲ್ಲ. ಕಳೆದ ವರ್ಷ ಶಾಲೆಗೆ ಬಂದಾಗ ಆ ಹಳೆಯ ಸೂಕ್ಷ್ಮದರ್ಶಕ ಬೀರುವಿನಲ್ಲಿ ಹಾಗೆಯೇ ಇರುವುದನ್ನು ನೋಡಿದೆ. ಮಸೂರ ಒರೆಸಿ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದನ್ನು ಬೀಗದಿಂದ ಹೊರಗೆ ತೆಗೆಯಿರಿ ಎಂಬುದೇ ಶಿಕ್ಷಕ ಬಂಧುಗಳಲ್ಲಿ ನನ್ನ ಪ್ರಾರ್ಥನೆ. ಮಕ್ಕಳೇ, ತಿಂಗಳಿಗೊಮ್ಮೆ ಊರ ಕೆರೆಯ ಒಂದು ಹನಿ ನೋಡಿ, ಕಂಡದ್ದನ್ನು ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಕೆರೆ ಬತ್ತಿದ್ದರೆ ಬತ್ತಿದೆ ಎಂದೇ ಬರೆಯಿರಿ, ಅದೂ ಒಂದು ಲೆಕ್ಕ. ಶಾಲೆಯ ಶತಮಾನೋತ್ಸವದ ಹೊತ್ತಿಗೆ ನಮ್ಮ ನೀರಿನ ಐವತ್ತು ವರ್ಷದ ಚರಿತ್ರೆ ನಿಮ್ಮ ಕೈಬರಹದಲ್ಲಿರುತ್ತದೆ.